ಸರ್ವೈವಲ್ ತರಬೇತಿ ಸೇರುವ ಮುನ್ನ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಡೋಣಿ ಹತ್ತಿರ ಕಪ್ಪತಗುಡ್ಡದ ಬುಡದಲ್ಲಿ ನಾವು ನಾಲ್ಕು ಜನ ನಿಂತಿದ್ದೆವು. ತಂದಿದ್ದ ನೀರು ಮುಗಿದಿತ್ತು. ಒಬ್ಬ ಗೆಳೆಯನಿಗೆ ತಲೆ ಸುತ್ತುತ್ತಿತ್ತು. ಹಳ್ಳದಲ್ಲಾದರೂ ನೀರು ಸಿಕ್ಕೀತೆಂದು ಬಿಸಿಲಲ್ಲೇ ಅತ್ತಿತ್ತ ಓಡಾಡುತ್ತಿದ್ದೆವು. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ದೂರದಿಂದಲೇ ಕೂಗಿದರು: "ತಮ್ಮಾ, ನೀರ ಆಮ್ಯಾಲ ಹುಡಕೂಣು, ಮೊದ್ಲ ನೆಳ್ಳಿಗೆ ಕುಂಡ್ರ್ರಿ." ನೆರಳಿಗೆ ಕರೆದುಕೊಂಡು ಹೋಗಿ ಗೆಳೆಯನನ್ನು ಮಲಗಿಸಿದರು. ತಮ್ಮ ಬಾಟಲಿಯ ನೀರಲ್ಲಿ ಟುವಾಲು ನೆನೆಸಿ ಅವನ ಕುತ್ತಿಗೆಗೆ ಸುತ್ತಿದರು. ಉಳಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು.

ಅದಕ್ಕೂ ಮೊದಲು ನಾನು ದುಡ್ಡು ಕೊಟ್ಟು ಎರಡು ದಿನದ ಒಂದು ಸರ್ವೈವಲ್ ಕೋರ್ಸ್, ಅಂದರೆ ಕಾಡು-ಗುಡ್ಡದಲ್ಲಿ ಆಪತ್ತು ಬಂದಾಗ ಜೀವ ಉಳಿಸಿಕೊಳ್ಳಲು ಕಲಿಸುವ ತರಬೇತಿ, ಮಾಡಿದ್ದೆ. ಬಿದಿರು ಉಜ್ಜಿ ಬೆಂಕಿ ಹಚ್ಚುವುದು, ಹಗ್ಗದ ಸೇತುವೆ ದಾಟುವುದು ಎಲ್ಲವನ್ನೂ ಹೇಳಿಕೊಟ್ಟಿದ್ದರು. ಬಿಸಿಲಿನ ಬಗ್ಗೆ ಒಂದು ಮಾತೂ ಬಂದಿರಲಿಲ್ಲ. ಕೋರ್ಸ್ ನಡೆದದ್ದು ಮಳೆಕಾಡಿನಲ್ಲಿ, ನಾವು ಸಿಕ್ಕಿಬಿದ್ದದ್ದು ಒಣ ಗುಡ್ಡದಲ್ಲಿ.

ಆ ದಿನದ ನಂತರ ನಾನು ತರಬೇತಿಯನ್ನು ನೆಲದ ಲೆಕ್ಕದಲ್ಲಿ ನೋಡಲು ಶುರು ಮಾಡಿದೆ. ಕಾಡು, ಬಯಲು, ಬಂಡೆ, ಕಡಲು, ಹಿಮ: ಒಂದೊಂದು ನೆಲ ಕೊಲ್ಲುವ ರೀತಿ ಒಂದೊಂದು. ಹಾಗಾಗಿ ಕಲಿಕೆಯೂ ಬೇರೆ ಬೇರೆ. ನಮ್ಮ ಕಡೆಯವರಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ. ನವಲಗುಂದ, ಅಣ್ಣಿಗೇರಿ, ರೋಣದ ಎರೆ ಬಯಲು ಪಕ್ಕದಲ್ಲೇ ಇದೆ. ಗದಗದಿಂದ ಸ್ವಲ್ಪ ದೂರ ಹೋದರೆ ಕಪ್ಪತಗುಡ್ಡದ ಕುರುಚಲು ಕಾಡು. ಧಾರವಾಡದಿಂದ ಅಳ್ನಾವರ ದಾಟಿದರೆ ದಾಂಡೇಲಿಯ ದಟ್ಟ ಕಾಡು, ಸುಮಾರು 55 ಕಿಲೋಮೀಟರ್. ಗದಗದಿಂದ ಬಾದಾಮಿಯ ಬಂಡೆಗೆ ಸುಮಾರು 70 ಕಿಲೋಮೀಟರ್. ಇಷ್ಟು ಹತ್ತಿರದಲ್ಲಿ ಇಷ್ಟು ಬಗೆಯ ನೆಲ ಎಲ್ಲರಿಗೂ ಸಿಗುವುದಿಲ್ಲ.

ಹೆಜ್ಜೆ 1: ಮನೆಯಲ್ಲೇ ಕಲಿಯುವುದನ್ನು ಮನೆಯಲ್ಲೇ ಕಲಿಯಿರಿ

ಯಾವ ಕೋರ್ಸಿಗೂ ದುಡ್ಡು ಕಟ್ಟುವ ಮೊದಲು ಪ್ರಥಮ ಚಿಕಿತ್ಸೆಯ ತರಗತಿಗೆ ಹೋಗಿ. ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಇಂಥ ತರಬೇತಿ ಕೊಡುತ್ತವೆ. ರಕ್ತ ನಿಲ್ಲಿಸುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು, ಎದೆ ಒತ್ತಿ ಜೀವ ಉಳಿಸುವುದು ಇವು ಯಾವ ನೆಲದಲ್ಲಾದರೂ ಬೇಕು. ಕಾಲೇಜಿನಲ್ಲಿರುವವರು ಎನ್‌ಸಿಸಿ ಸೇರಿದರೆ ಇನ್ನೂ ಒಳ್ಳೆಯದು. ನಕ್ಷೆ ಓದುವುದನ್ನು ಅಲ್ಲಿ ಪಾಠವಾಗಿಯೇ ಕಲಿಸುತ್ತಾರೆ. ಚೆನ್ನಾಗಿ ಮಾಡಿದವರನ್ನು ಪರ್ವತಾರೋಹಣ ಕೋರ್ಸಿಗೂ ಕಳಿಸುತ್ತಾರೆ.

ಜೊತೆಗೆ ಒಂದು ಲೆಕ್ಕ ನೆನಪಿರಲಿ. ಇದು ಅಂದಾಜಿನ ಲೆಕ್ಕ, ಆದರೆ ತಲೆಯಲ್ಲಿ ಸಲೀಸಾಗಿ ಉಳಿಯುತ್ತದೆ. ಗಾಳಿ ಇಲ್ಲದೆ 3 ನಿಮಿಷ, ವಿಪರೀತ ಚಳಿ ಅಥವಾ ಬಿಸಿಲಿನಲ್ಲಿ ಆಸರೆ ಇಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟ ಇಲ್ಲದೆ 3 ವಾರ. ಅಜ್ಜ ಹೇಳಿದ್ದು ಇದನ್ನೇ ಅಲ್ವಾ? ನೆರಳು ಮೊದಲು, ನೀರು ಆಮೇಲೆ. ಊಟದ ಚಿಂತೆ ಕಟ್ಟಕಡೆಗೆ. ಯಾವುದಾದರೂ ಕೋರ್ಸಿನ ಜಾಹೀರಾತಿನಲ್ಲಿ ಹುಳ ತಿನ್ನುವ ಚಿತ್ರವೇ ಮುಂದಿದ್ದರೆ ಅವರು ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಹೆಜ್ಜೆ 2: ಎರೆ ಬಯಲಿನಲ್ಲಿ ಒಂದು ಪೂರ್ತಿ ದಿನ

ಪರಿಚಯದ ರೈತರೊಬ್ಬರ ಹೊಲಕ್ಕೆ ಹೋಗಿ. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರಿ. ಇದಕ್ಕೆ ಶುಲ್ಕ ಇಲ್ಲ, ಬೇರೆಯವರ ಅಪ್ಪಣೆ ಬೇಕಿಲ್ಲ. ಆದರೆ ಕಲಿಯಲು ರಾಶಿ ಇದೆ.

ಮೊದಲು ಬಿಸಿಲು. ಬಯಲಿನಲ್ಲಿ ನೆರಳು ಹುಟ್ಟಿಸುವುದನ್ನು ಕಲಿಯಿರಿ. ಎರಡು ಕೋಲು, ಒಂದು ಪಂಚೆ ಅಥವಾ ಹಳೆಯ ಸೀರೆ, ನಾಲ್ಕು ಗೂಟ ಸಾಕು. ಬಟ್ಟೆಯನ್ನು ಎರಡು ಪದರ ಕಟ್ಟಿ ನಡುವೆ ಒಂದು ಗೇಣು ಜಾಗ ಬಿಟ್ಟರೆ ಒಳಗೆ ಜಾಸ್ತಿ ತಂಪು. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರಿನಷ್ಟು ನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿಗಿಂತ ಕಡಿಮೆ ಇಟ್ಟುಕೊಂಡು ನಾನು ಹೊರಡುವುದಿಲ್ಲ. ಬಾಟಲಿಯಲ್ಲಿ ನೀರು ಉಳಿಸಿಕೊಂಡು ಬಾಯಾರಿಕೆ ತಡೆಯುವುದು ತಪ್ಪು. ನೀರು ಹೊಟ್ಟೆಯಲ್ಲಿದ್ದರೇನೇ ಕೆಲಸ ಮಾಡುವುದು. ಒಂದು ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಿದರೆ ಓಆರ್‌ಎಸ್ ಸಿದ್ಧ.

ಗೆಳೆಯ ತಡವರಿಸಿ ಮಾತಾಡುತ್ತಿದ್ದರೆ, ಮೈ ಕೆಂಡದಂತಿದ್ದರೆ, ಅದು ಸುಮ್ನೆ ಸುಸ್ತಲ್ಲ, ಬಿಸಿಲಾಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. 112ಕ್ಕೆ ಕರೆ ಮಾಡಿ.

ಎರಡನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಸಂಜೆ ಮಳೆ ಬಂದಾಗ ನಮ್ಮ ಬಯಲಿನಲ್ಲಿ ಅತಿ ಎತ್ತರದ ವಸ್ತು ಅಂದರೆ ಒಂಟಿ ಬೇವಿನ ಮರ ಇಲ್ಲವೇ ನೀವು. ಎಲ್ಲರೂ ಮರದ ಕಡೆ ಓಡುತ್ತಾರೆ. ಸಾವು ಅಲ್ಲೇ ಕಾದಿರುತ್ತದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗಲೇ ಗಟ್ಟಿ ಮನೆಯೊಳಗೆ ಅಥವಾ ಕಿಟಕಿ ಮುಚ್ಚಿದ ಬಸ್ಸು, ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಏನೂ ಇಲ್ಲದ ಬಯಲಾದರೆ ಒಬ್ಬರಿಂದೊಬ್ಬರು ದೂರ ಸರಿದು, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ನೆಲದ ಮೇಲೆ ಮಲಗಬೇಡಿ. 'ದಾಮಿನಿ' ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಹೊರಡುವ ಮೊದಲು ಮೊಬೈಲಿಗೆ ಹಾಕಿಕೊಳ್ಳಿ.

ಮೂರನೆಯದು ನೀರು. ಹತ್ತಿ, ಮೆಣಸಿನಕಾಯಿ ಹೊಲಗಳ ಬದುವಿನಲ್ಲಿ ನಿಂತ ನೀರನ್ನು ಕುದಿಸಿದರೂ ಕುಡಿಯಬಾರದು. ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ಸಿಂಪಡಿಸಿದ ಔಷಧ ಹೋಗುವುದಿಲ್ಲ. ನೀರು ಎಲ್ಲಿಂದ ಹರಿದು ಬಂದಿದೆ ಎಂದು ಮೇಲಕ್ಕೆ ನೋಡುವ ಅಭ್ಯಾಸ ಮಾಡಿ. ನಂಬುವಂಥ ನೀರನ್ನೂ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಎತ್ತರದ ಪರ್ವತದಲ್ಲಾದರೆ ಮೂರು ನಿಮಿಷ.

ಕೃಷಿ ಹೊಂಡದ ಬಗ್ಗೆ ಒಂದು ಮಾತು ಹೇಳಲೇಬೇಕು. ನೋಡಲು ತಿಳಿಯಾಗಿರುತ್ತದೆ, ಮೈ ತೊಳೆಯೋಣ ಅನಿಸುತ್ತದೆ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಈಜು ಬರುವವರಿಗೂ ದಡ ಹತ್ತಲು ಹಿಡಿತ ಸಿಗುವುದಿಲ್ಲ. ಇಳಿಯಲೇಬೇಡಿ. ಯಾರಾದರೂ ಬಿದ್ದರೆ ಹಿಂದೆ ಜಿಗಿಯಬೇಡಿ, ಸೀರೆ, ಹಗ್ಗ, ಕೋಲು ಏನಿದೆಯೋ ಅದನ್ನು ಎಸೆಯಿರಿ. ಇದನ್ನು ಮಕ್ಕಳಿಗೂ ಹೇಳಿಕೊಡಿ.

ಹಳ್ಳ ದಾಟುವುದನ್ನು ಬೆಣ್ಣಿಹಳ್ಳ ನೋಡಿದವರಿಗೆ ವಿವರಿಸಬೇಕಿಲ್ಲ. ಮೇಲೆಲ್ಲೋ ಮಳೆ ಸುರಿದಿರುತ್ತದೆ, ಇಲ್ಲಿ ಆಕಾಶ ಶುಭ್ರವಾಗಿರುತ್ತದೆ, ಅಷ್ಟರಲ್ಲಿ ಹಳ್ಳ ಏರಿ ಬಂದಿರುತ್ತದೆ. ಜೋರಾಗಿ ಹರಿಯುವ ನೀರು ಒಂದು ಗೇಣು ಕೂಡ ಇರಬೇಕಿಲ್ಲ, 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಕೆಡವುತ್ತದೆ. 60 ಸೆಂಟಿಮೀಟರ್ ನೀರು ಬಹುತೇಕ ಗಾಡಿಗಳನ್ನು ತೇಲಿಸಿಕೊಂಡು ಹೋಗುತ್ತದೆ. ನೀರು ಇಳಿಯುವವರೆಗೆ ಕಾಯುವುದೇ ಇಲ್ಲಿ ಕೌಶಲ. ಕಾಯುವ ಹೊತ್ತಿಗೆ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇರಲಿ. ಕೆಡುವುದಿಲ್ಲ, ಹಗುರ, ಹೊಟ್ಟೆ ತುಂಬುತ್ತದೆ. ಪೇಟೆಯ ಎನರ್ಜಿ ಬಾರಿಗಿಂತ ನನಗೆ ಇದರ ಮೇಲೇ ನಂಬಿಕೆ.

ಹೆಜ್ಜೆ 3: ಗುಡ್ಡದಲ್ಲಿ ದಿಕ್ಕು ಹಿಡಿಯುವುದು

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಚಿರತೆ ಇರುವ ಜಾಗ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಂಕಿ ಹಚ್ಚುವ ಹಾಗಿಲ್ಲ. ಬೇಸಿಗೆಯಲ್ಲಿ ಅಲ್ಲಿನ ಒಣಹುಲ್ಲಿಗೆ ಒಂದು ಕಿಡಿ ಸಾಕು, ಗುಡ್ಡದ ಗುಡ್ಡವೇ ಸುಟ್ಟುಹೋಗುತ್ತದೆ. ಬೆಂಕಿ ಹಚ್ಚುವ ಅಭ್ಯಾಸವನ್ನು ನಿಮ್ಮ ಹಿತ್ತಲಿನಲ್ಲಿ, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡು ಮಾಡಿ. ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಂಡೆ ಮಾಡಿ ಡಬ್ಬಿಯಲ್ಲಿ ಇಟ್ಟರೆ ಮಳೆಗಾಲದಲ್ಲೂ ಹೊತ್ತಿಕೊಳ್ಳುತ್ತದೆ.

ಗುಡ್ಡದ ಅಂಚಿನ ರಸ್ತೆಗಳಲ್ಲೇ ನಕ್ಷೆಯ ಅಭ್ಯಾಸ ಸಾಕಷ್ಟು ಆಗುತ್ತದೆ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಮೊಬೈಲ್ ಚೀಲದಲ್ಲಿಡಿ. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ದೂರದ ಗಾಳಿಯಂತ್ರಗಳನ್ನು, ಗುಡಿಯನ್ನು, ಕೆರೆಯನ್ನು ಗುರುತಿಟ್ಟುಕೊಂಡು ಎಲ್ಲಿದ್ದೀರಿ ಎಂದು ಕಂಡುಹಿಡಿಯಿರಿ. ಆಮೇಲೆ ಮೊಬೈಲ್ ತೆಗೆದು ಸರಿಯೋ ತಪ್ಪೋ ನೋಡಿ. ನಾಲ್ಕು ಸಲ ಹೀಗೆ ಮಾಡಿದರೆ ಕೈ ಪಳಗುತ್ತದೆ.

ದಾರಿ ತಪ್ಪಿದರೆ ಏನು ಮಾಡಬೇಕು? ನಿಲ್ಲಬೇಕು. ಕುಳಿತು ನೀರು ಕುಡಿಯಬೇಕು. ಕೊನೆಯ ಸಲ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು ಎಂದು ನೆನೆಯಬೇಕು. ಅಲ್ಲಿಗೆ ಹಿಂತಿರುಗಲು ಆಗದಿದ್ದರೆ ಕುಳಿತ ಜಾಗ ಬಿಡಬಾರದು. ನಡೆಯುತ್ತಲೇ ಇರುವವರನ್ನು ಹುಡುಕುವುದು ಕಷ್ಟ. ಸೀಟಿಯನ್ನು ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಪರ್ವತಗಳಲ್ಲಿ ಹಲವು ಕಡೆ ಒಪ್ಪಿಕೊಂಡ ಆಪತ್ತಿನ ಸಂಕೇತ ಇದು. ಕೂಗುವುದಕ್ಕಿಂತ ಸೀಟಿ ದೂರ ಹೋಗುತ್ತದೆ, ಗಂಟಲೂ ಉಳಿಯುತ್ತದೆ.

ಹಾವಿನ ವಿಷಯ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನು ಚಿತ್ರದಲ್ಲಾದರೂ ಗುರುತಿಸಲು ಕಲಿಯಿರಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಗೊತ್ತೇ ಆಗದಿರಬಹುದು. ಹಾಗಾಗಿ ನೆಲದ ಮೇಲೆ ಮಲಗುವಾಗ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಲೇಬೇಕು. ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಉಂಗುರ, ಬಳೆ ತೆಗೆದು, ಕೈ ಅಥವಾ ಕಾಲು ಅಲುಗದಂತೆ ಪಟ್ಟಿ ಕಟ್ಟಿ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸುವುದರಲ್ಲಿ ಕಳೆದ ಅರ್ಧ ಗಂಟೆ ಮತ್ತೆ ಸಿಗುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಅಂದರೆ ಆಸ್ಪತ್ರೆಗಳು ಪ್ರತಿಯೊಂದು ಕಡಿತವನ್ನೂ ವರದಿ ಮಾಡಬೇಕು. ಹೊರಡುವ ಮೊದಲೇ ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಇಂಜೆಕ್ಷನ್ ಇದೆ ಎಂದು ಫೋನ್ ಮಾಡಿ ಕೇಳಿಕೊಳ್ಳಿ.

ಹೆಜ್ಜೆ 4: ಮಲೆನಾಡಿನ ಅಂಚು

ಇಲ್ಲಿಂದ ಮುಂದೆ ತರಬೇತುದಾರರಿಲ್ಲದೆ ಹೋಗಬೇಡಿ. ಕಲಘಟಗಿ, ಅಳ್ನಾವರ ದಾಟಿದ ಮೇಲೆ ನೆಲದ ಸ್ವಭಾವವೇ ಬದಲಾಗುತ್ತದೆ. ದಾಂಡೇಲಿ ಸುತ್ತಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಬಯಲಿನಲ್ಲಿ ನೀರಿಲ್ಲದ್ದು ತೊಂದರೆ, ಇಲ್ಲಿ ನೀರೇ ತೊಂದರೆ. ಮಳೆಯಲ್ಲಿ ನೆಂದು ಗಾಳಿಗೆ ನಿಂತರೆ 18-20 ಡಿಗ್ರಿಯಲ್ಲೂ ಮೈ ಬಿಸಿ ಇಳಿಯುತ್ತದೆ. ನಡುಕ ಶುರುವಾದವರನ್ನು ಒಣ ಬಟ್ಟೆಗೆ ಬದಲಿಸಿ, ಉಣ್ಣೆ ಹೊದಿಸಿ, ಬಿಸಿಯಾದ ಸಿಹಿ ಚಹಾ ಕೊಡಬೇಕು. ರಾಣೆಬೆನ್ನೂರು ಕಡೆಯ ಮೆಡ್ಲೇರಿ ಕಂಬಳಿ ಭಾರ ಜಾಸ್ತಿ, ನಿಜ. ಆದರೆ ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿ ಬಟ್ಟೆ ಹಾಗಲ್ಲ. ನಮ್ಮ ಕುರಿಗಾಹಿಗಳು ಮಳೆಗಾಲದಲ್ಲೂ ಕಂಬಳಿ ಬಿಡದಿರುವುದಕ್ಕೆ ಕಾರಣ ಇದೇ.

ಇಂಬಳ ರಕ್ತ ಕುಡಿದರೂ ದೊಡ್ಡ ಅಪಾಯ ಇಲ್ಲ. ಉಣುಗಿನ ಬಗ್ಗೆ ಎಚ್ಚರ ಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತನಕ ಹೆಚ್ಚು. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಹೋಗಬೇಡಿ. ಸಂಜೆ ಮೈಯೆಲ್ಲ ನೋಡಿಕೊಳ್ಳಿ. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಕಾಡಿನ ಹಣ್ಣು, ಸೊಪ್ಪು ತಿನ್ನುವುದನ್ನು ಎರಡು ದಿನದಲ್ಲಿ ಕಲಿಯಲಾಗದು. ಬಾರಿಹಣ್ಣು, ಕವಳಿಹಣ್ಣಿನಂತೆ ಚಿಕ್ಕಂದಿನಿಂದ ತಿಂದು ಗೊತ್ತಿರುವುದನ್ನು ಮಾತ್ರ ಮುಟ್ಟಿ. ಗುಲಗಂಜಿ, ದತ್ತೂರಿ, ಕಣಗಿಲೆ ಮೂರೂ ವಿಷ ಎಂದು ನೆನಪಿರಲಿ. ಮೊಲ, ಗೌಜಲಹಕ್ಕಿಗೆ ಉರುಳು ಹಾಕಲು ಕಲಿಸುವ ಕೋರ್ಸಿನಿಂದ ದೂರ ಇರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಬೇಟೆ, ಅಪರಾಧ.

ಹೆಜ್ಜೆ 5: ಬಂಡೆ, ಕಡಲು, ಹಿಮ

ಬಂಡೆ ಹತ್ತಲು ಬಾದಾಮಿಯ ಮರಳುಗಲ್ಲಿಗಿಂತ ಒಳ್ಳೆಯ ಶಾಲೆ ನಮಗೆ ಹತ್ತಿರದಲ್ಲಿಲ್ಲ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳ ಬಗ್ಗೆ ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮಳೆ ಬಂದ ಮರುದಿನ ಮರಳುಗಲ್ಲು ಹತ್ತಬಾರದು, ನೆನೆದ ಕಲ್ಲು ಮೆತ್ತಗಾಗಿ ಮುರಿಯುತ್ತದೆ.

ಕಡಲಿಗೆ ನಾವು ಹೋಗುವುದೇ ವರ್ಷಕ್ಕೊಮ್ಮೆ, ಗೋಕರ್ಣಕ್ಕೋ ಮುರುಡೇಶ್ವರಕ್ಕೋ. ಕೆರೆಯಲ್ಲಿ ಈಜು ಕಲಿತ ಧೈರ್ಯ ಅಲ್ಲಿ ನಡೆಯುವುದಿಲ್ಲ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿ ಒಳಕ್ಕೆ ಎಳೆಯುವ ಸೆಳೆತ ಇರಬಹುದು. ಸಿಕ್ಕಿಬಿದ್ದರೆ ದಡದ ಕಡೆ ನೇರವಾಗಿ ಈಜಿ ಸುಸ್ತಾಗಬೇಡಿ. ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಿ. ಕೆಂಪು ಬಾವುಟ ಇದ್ದರೆ ನೀರಿಗಿಳಿಯುವ ಮಾತೇ ಬೇಡ.

ಹಿಮದ ಕಲಿಕೆಗೆ ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್ (1954), ಉತ್ತರಕಾಶಿಯ ನೆಹರು ಇನ್‌ಸ್ಟಿಟ್ಯೂಟ್ ಆಫ್ ಮೌಂಟನೇರಿಂಗ್ (1965) ಹಳೆಯ, ನಂಬಿಕೆಯ ಜಾಗಗಳು. ಮೂಲ ಕೋರ್ಸ್ ಹೆಚ್ಚು ಕಡಿಮೆ ನಾಲ್ಕು ವಾರ. ವೈದ್ಯಕೀಯ ಪ್ರಮಾಣಪತ್ರ ಬೇಕು. ಸೀಟು ಬೇಗ ತುಂಬುತ್ತವೆ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಮುಂದಿನ ಹಂತದ ಕೋರ್ಸ್ ಮಾಡಲು ಮೂಲ ಕೋರ್ಸಿನಲ್ಲಿ 'ಎ' ಗ್ರೇಡ್ ಬೇಕು. ಮೂರ್ನಾಲ್ಕು ತಿಂಗಳು ಮೊದಲಿನಿಂದ ಬೆನ್ನಿಗೆ ಎಂಟು-ಹತ್ತು ಕೆಜಿ ಚೀಲ ಹಾಕಿಕೊಂಡು ಹುಬ್ಬಳ್ಳಿಯವರು ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ, ಧಾರವಾಡದವರು ನುಗ್ಗಿಕೇರಿವರೆಗೆ ನಡೆಯಿರಿ. ಧಾರವಾಡ ಸಮುದ್ರಮಟ್ಟದಿಂದ 750 ಮೀಟರ್ ಆಸುಪಾಸಿನಲ್ಲಿದೆ. ಎತ್ತರದ ಕಾಯಿಲೆ ಕಾಡುವುದು ಸುಮಾರು 2,500 ಮೀಟರ್ ದಾಟಿದ ಮೇಲೆ. ಎಷ್ಟು ಗಟ್ಟಿಮುಟ್ಟಾಗಿದ್ದರೂ ಅದು ಬಿಡುವುದಿಲ್ಲ. 3,000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ತಲೆನೋವಿನ ಜೊತೆ ವಾಂತಿ ಬಂದರೆ ಮುಂದೆ ಹತ್ತುವುದು ಬೇಡ. ಗೊಂದಲ, ತೂರಾಟ ಕಂಡರೆ ರಾತ್ರಿಯಾದರೂ ಇಳಿಸಬೇಕು.

ಹೆಜ್ಜೆ 6: ದುಡ್ಡು ಕಟ್ಟುವ ಮೊದಲು ಕೇಳುವುದು

ನಾನು ಮೊದಲು ಸೇರಿದ ಕೋರ್ಸಿನಲ್ಲಿ ನಲವತ್ತು ಜನರಿಗೆ ಇಬ್ಬರು ತರಬೇತುದಾರರು, ಔಷಧಿ ಡಬ್ಬಿಯಲ್ಲಿ ಒಂದು ಪಟ್ಟಿ ಮತ್ತು ಮುಲಾಮು. ಆಗ ಕೇಳಬೇಕೆಂದು ಗೊತ್ತಿರಲಿಲ್ಲ. ಈಗ ಫೋನಿನಲ್ಲೇ ಕೇಳುತ್ತೇನೆ. ಎಷ್ಟು ಜನರಿಗೆ ಒಬ್ಬರು ಕಲಿಸುತ್ತಾರೆ? ಎಂಟು-ಹತ್ತಕ್ಕಿಂತ ಜಾಸ್ತಿ ಇದ್ದರೆ ನಾನು ಹೋಗುವುದಿಲ್ಲ. ಕಲಿಸುವವರು ಯಾವ ಸಂಸ್ಥೆಯಲ್ಲಿ ಕಲಿತವರು, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಯಾವ ವರ್ಷದ್ದು? ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸುತ್ತೀರಾ? ರಾತ್ರಿ ಯಾರಿಗಾದರೂ ಏನಾದರೂ ಆದರೆ ಗಾಡಿ ಎಲ್ಲಿರುತ್ತದೆ, ಯಾವ ಆಸ್ಪತ್ರೆ, ಎಷ್ಟು ಹೊತ್ತಿನ ದಾರಿ? ಹೆಣ್ಣುಮಕ್ಕಳಿದ್ದರೆ ಮಹಿಳಾ ತರಬೇತುದಾರರು ಇರುತ್ತಾರಾ? ಮಳೆ ಜಾಸ್ತಿಯಾದರೆ ಶಿಬಿರ ರದ್ದು ಮಾಡಿ ಹಣ ಹಿಂತಿರುಗಿಸುತ್ತೀರಾ?

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಜಾಸ್ತಿ ಗಮನಿಸುತ್ತೇನೆ. "ಮಳೆ ಬಂದರೇನೇ ಮಜಾ" ಎನ್ನುವವರ ಕೈಯಲ್ಲಿ ನಮ್ಮ ಮನೆಯ ಮಕ್ಕಳನ್ನು ಕೊಡಲಾರೆ. ಬಿಪಿ, ಸಕ್ಕರೆ, ಆಸ್ತಮಾ ಇರುವವರು ಅದನ್ನು ಮುಚ್ಚಿಡಬೇಡಿ. ನಿಮ್ಮ ಮಾತ್ರೆ ಎಲ್ಲಿದೆ ಎಂದು ಜೊತೆಗಾರರಿಗೂ ಗೊತ್ತಿರಲಿ.

ಹೆಜ್ಜೆ 7: ಮನೆಯಲ್ಲಿ ಬಿಟ್ಟುಹೋಗುವ ಚೀಟಿ

ಅಭ್ಯಾಸಕ್ಕಾಗಲಿ, ಕೋರ್ಸಿಗಾಗಲಿ, ಹೊರಡುವ ದಿನ ಒಂದು ಚೀಟಿ ಬರೆದು ಅಡುಗೆಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಎಲ್ಲಿಗೆ, ಯಾವ ದಾರಿ, ಯಾರ್ಯಾರು, ಗಾಡಿಯ ನಂಬರ್, ಹತ್ತಿರದ ಊರಿನಲ್ಲಿ ಪರಿಚಯದವರ ಫೋನ್ ನಂಬರ್, ಎಷ್ಟು ಗಂಟೆಗೆ ವಾಪಸ್. ಕೆಳಗೆ ಇನ್ನೊಂದು ಸಮಯ ಬರೆಯಿರಿ: ವಾಪಸ್ ಬರುವ ಹೊತ್ತಿಗೆ ಎರಡು ಗಂಟೆ ಸೇರಿಸಿ. ಆ ಹೊತ್ತಿನವರೆಗೆ ಮನೆಯವರು ಗಾಬರಿಯಾಗುವುದು ಬೇಡ. ಅದು ದಾಟಿದ ಮೇಲೆ "ಇನ್ನೇನು ಬರ್ತಾರೆ" ಎಂದು ಕಾಯುವುದೂ ಬೇಡ. ಚೀಟಿ ಕೈಯಲ್ಲಿ ಹಿಡಿದು 112ಕ್ಕೆ ಕರೆ ಮಾಡಿ, ಅದರಲ್ಲಿರುವುದನ್ನು ಓದಿ ಹೇಳಿದರೆ ಆಯಿತು.